ಗಾಜು ತಟ್ಟಬೇಡಿ

ಧಡ್!

ಜೀಪು ಮತ್ತೊಮ್ಮೆ ನನ್ನ ಓಮ್ನಿಯ ಹಿಂಬದಿಗೆ ಗುದ್ದಿತು.

ನಾನು ಎಡಕ್ಕೆ ನೋಡಲಿಲ್ಲ. ಎಡಕ್ಕೆ ನೋಡುವಂಥದ್ದೇನೂ ಇರಲಿಲ್ಲ... ಬರೀ ಕಣಿವೆ!

ಮಾರನಹಳ್ಳಿ ದಾಟಿ ದೋಣಿಗಲ್ ಕಡೆಗೆ ಏರುವ ರಸ್ತೆ. ಮುಂದೆ ಗ್ಯಾಸ್ ಟ್ಯಾಂಕರ್. ಅದರ ಬೆನ್ನ ಮೇಲೆ ಕೆಂಪು ಅಕ್ಷರದಲ್ಲಿ ‘ಅಪಾಯ’ ಎಂದು ಬರೆದಿತ್ತು. ಹಿಂದೆ ಸುರೇಂದ್ರ. ಅವನ ಮೇಲೆ ಏನೂ ಬರೆದಿರಲಿಲ್ಲ. ಬರೆಯಬೇಕಿತ್ತು.

ಚೇಸ್ ಅಂದರೆ ನೀವು ಏನೇನೋ ಕಲ್ಪಿಸಿಕೊಳ್ಳಬೇಡಿ. ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಒಂದೇ ಸಾಲು. ಟ್ಯಾಂಕರ್ ತೆವಳುತ್ತಿತ್ತು. ಅದರ ಹಿಂದೆ ನಾನು ತೆವಳುತ್ತಿದ್ದೆ. ನನ್ನ ಹಿಂದೆ ನನ್ನನ್ನು ಮುಗಿಸಲು ಬಂದವನೂ ತೆವಳುತ್ತಿದ್ದ. ರಸ್ತೆ ಪಕ್ಕ ಸೌದೆ ಹೊರೆ ಹೊತ್ತ ಒಬ್ಬ ಅಜ್ಜಿ ನಡೆದು ಹೋಗುತ್ತಿದ್ದಳು.

ಅವಳು ನಮ್ಮಿಬ್ಬರನ್ನೂ ಓವರ್‌ಟೇಕ್ ಮಾಡಿದಳು!

“ನಿಲ್ಸಲಾ ವ್ಯಾನು! ಇಲ್ದಿದ್ರೆ ಕೆಳಕ್ಕೆ ಉಳ್ಳುಸ್ಬುಡ್ತೀನಿ!” ಜೀಪಿನಿಂದ ಕೂಗು.

ನಾನು ಪಕ್ಕದ ಸೀಟನ್ನು ನೋಡಿದೆ. ಅಲ್ಲಿ ಒಂದು ಥರ್ಮೊಕೋಲ್ ಪೆಟ್ಟಿಗೆ. ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದೆ. ನಾನು ಹಾಕಿಕೊಂಡಿರಲಿಲ್ಲ. ಪೆಟ್ಟಿಗೆಯ ಒಳಗೆ ಉಪ್ಪುನೀರು. ನೀರಿನೊಳಗೆ ಬೆರಳುದ್ದದ ಒಂದು ನೀಲಿ ಮೀನು, ಹಳದಿ ಬಾಲ. ಪುಟ್ಟ ಬ್ಯಾಟರಿ ಪಂಪು ಬುಳಬುಳ ಎಂದು ಗಾಳಿ ಊದುತ್ತಿತ್ತು.

ಆ ಮೀನು ನನ್ನ ಏಕೈಕ ಸಾಕ್ಷಿ.

ಸಾಕ್ಷಿ ಜೀವಂತ ಸಕಲೇಶಪುರ ತಲುಪಬೇಕು. ಅದೂ ಮಧ್ಯಾಹ್ನದ ಊಟ ಮುಗಿಯುವುದರೊಳಗೆ. ಇಲ್ಲದಿದ್ದರೆ ಗಿಡ್ಡಯ್ಯನ ಮನೆ ನೆಲಕ್ಕೆ ಸಮ. ಜೆಸಿಬಿ ಆಗಲೇ ಅವನ ಅಂಗಳದಲ್ಲಿ ನಿಂತಿತ್ತು. ಡ್ರೈವರ್ ಊಟಕ್ಕೆ ಹೋಗಿದ್ದ. ಗಿಡ್ಡಯ್ಯನ ಹೆಂಡತಿ ಲಿಂಗಮ್ಮನೇ ಅವನಿಗೆ ಮುದ್ದೆ ಬಡಿಸುತ್ತಿದ್ದಳು. ಮನೆ ಒಡೆಯಲು ಬಂದವನಾದರೇನು... ಹಸಿದವನು!

ಪಂಪಿನ ಸದ್ದು ಸ್ವಲ್ಪ ಸಣ್ಣದಾಯಿತು.

ಬ್ಯಾಟರಿ!



ಸರಿ. ಮೊದಲಿನಿಂದ ಹೇಳುತ್ತೇನೆ.

ನನ್ನ ಹೆಸರು ದಯಾನಂದ. ಊರು ಕೆ. ಹೊಸಕೋಟೆ. ಓದಿದ್ದು ಪ್ರಾಣಿಶಾಸ್ತ್ರ, ಎಂ.ಎಸ್ಸಿ. ಮೀನಿನ ಮೈಮೇಲೆ ಬದುಕುವ ಪರೋಪಜೀವಿಗಳ ಬಗ್ಗೆ ಪ್ರಬಂಧ ಬರೆದೆ. ಕೆಲಸ ಕೊಡುವವರು ಪ್ರಬಂಧ ಓದುವುದಿಲ್ಲ ಎಂದು ಆಮೇಲೆ ಗೊತ್ತಾಯಿತು. ಈಗ ರೆಸಾರ್ಟು, ಹೋಂಸ್ಟೇ, ಹಲ್ಲಿನ ಡಾಕ್ಟರರ ಕ್ಲಿನಿಕ್ಕು... ಎಲ್ಲಿ ಗಾಜಿನ ತೊಟ್ಟಿಯೊಳಗೆ ಮೀನು ನರಳುತ್ತದೋ ಅಲ್ಲಿಗೆ ಹೋಗುತ್ತೇನೆ. ಜನ ನನ್ನನ್ನು ಮೀನು ಡಾಕ್ಟ್ರು ಅನ್ನುತ್ತಾರೆ.

ಮೀನುಗಳು ನನಗೆ ಇಷ್ಟ. ಅವು ಸುಳ್ಳು ಹೇಳುವುದಿಲ್ಲ. ಏಕೆಂದರೆ ಅವು ಏನೂ ಹೇಳುವುದಿಲ್ಲ.

ಸುಳ್ಳು ಹೇಳುವವರು ಮಾಲೀಕರು.

ಶಾಂತಮಲ್ಲಪ್ಪನವರು ಮಾರನಹಳ್ಳಿ ಹತ್ತಿರದ ದೊಡ್ಡ ಕಾಫಿ ಬೆಳೆಗಾರರು. ಎಸ್ಟೇಟಿನ ಬಂಗಲೆಯನ್ನೇ ಹೋಂಸ್ಟೇ ಮಾಡಿದ್ದರು. ಹೆಸರು ‘ಓಷನ್ ಹಿಲ್ಸ್’. ಸಮುದ್ರ ನೋಡಬೇಕೆಂದರೆ ಅಲ್ಲಿಂದ ಘಾಟಿ ಇಳಿದು ಮಂಗಳೂರಿನವರೆಗೆ ಹೋಗಬೇಕು. ಹೆಸರಿಟ್ಟಾಗಿತ್ತು. ಇನ್ನು ಸಮುದ್ರವನ್ನೇ ಮೇಲೆ ತರಬೇಕಾಯಿತು.

ತಂದರು!

ಹಾಲ್‌ನಲ್ಲಿ ಒಂದು ಗೋಡೆಯುದ್ದದ ಗಾಜಿನ ತೊಟ್ಟಿ. ಉಪ್ಪುನೀರು, ಸಮುದ್ರದ ಕಲ್ಲು, ಬಣ್ಣಬಣ್ಣದ ಮೀನು, ಕೆಂಪು ಸೀಗಡಿ, ಹೂವಿನ ಹಾಗೆ ಅರಳಿ ಮುಚ್ಚುವ ಕಡಲಹೂವು ಎಂಬ ಪ್ರಾಣಿ. ತೊಟ್ಟಿಯ ಮೇಲೆ ಬೋರ್ಡು: ‘ಗಾಜು ತಟ್ಟಬೇಡಿ’. ಬರೆದುಕೊಟ್ಟವನು ನಾನೇ. ಗೆಸ್ಟ್‌ಗಳು ಬೋರ್ಡನ್ನು ಓದಿ, ತಲೆಯಾಡಿಸಿ, ಆಮೇಲೆ ತಟ್ಟುತ್ತಿದ್ದರು.

ಆದರೆ ಒಂದು ತೊಡಕು. ಅದು ಲಿಂಗ ಕಟ್ಟಿದವರ ಮನೆ. ಮೊಟ್ಟೆ ಸಹ ಹೊಸಲು ದಾಟಿಲ್ಲ. ಈ ಮೀನುಗಳೋ ಸೀಗಡಿ ತಿನ್ನುವ ಜಾತಿ. ಐಸಿನಲ್ಲಿಟ್ಟ ಸೀಗಡಿ ಆ ಮನೆಯ ಫ್ರಿಜ್ ಒಳಗೆ ಹೋಗುವಂತಿಲ್ಲ. ಹಾಗಾಗಿ ಅದನ್ನು ಲೈನ್‌ನಲ್ಲಿ, ಅಂದರೆ ಕೂಲಿಯವರ ಮನೆ ಸಾಲಿನಲ್ಲಿ, ಗಿಡ್ಡಯ್ಯನ ಐಸ್ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಹನ್ನೊಂದು ಗಂಟೆಗೆ ಗಿಡ್ಡಯ್ಯ ಹಿಂಬಾಗಿಲಿನಿಂದ ಬಂದು ಮೀನಿಗೆ ಊಟ ಹಾಕಬೇಕು. ಗೆಸ್ಟ್‌ಗಳು ಕುರ್ಚಿ ಹಾಕಿಕೊಂಡು ನೋಡುತ್ತಿದ್ದರು. ಅಷ್ಟು ಹೊತ್ತು ಮನೆಯವರು ಬೇರೆ ಕಡೆ ನೋಡುತ್ತಿದ್ದರು. ಸಸ್ಯಾಹಾರ ಉಳಿಯಿತು.

ಒಂದು ದಿನ ಶಾಂತಮಲ್ಲಪ್ಪನವರ ಫೋನು.

“ಡಾಕ್ಟ್ರೇ, ಮೀನಿಗೆ ಸಿಡುಬು ಎದ್ದೈತೆ ಕಣ್ರೀ!”

ಹೋಗಿ ನೋಡಿದೆ. ಮೀನಿನ ಮೈಮೇಲೆ ಉಪ್ಪಿನ ಹರಳು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಮೀನುಗಳು ಕಲ್ಲಿಗೆ ಮೈ ಉಜ್ಜುತ್ತಿದ್ದವು. ಬಿಳಿಚುಕ್ಕೆ ರೋಗ. ಸಮುದ್ರದ ಮೀನಿಗೆ ಬರುವ ಹಳೆಯ ಪಿಡುಗು.

ಇದರ ಹುಳ ಪಕ್ಕಾ ಕ್ರಿಮಿನಲ್! ಮೀನಿನ ಚರ್ಮದೊಳಗೆ ಕೂತು ತಿಂದು ಕೊಬ್ಬುತ್ತದೆ. ಆಮೇಲೆ ಉದುರಿ ಕಲ್ಲು, ಮರಳಿನಲ್ಲಿ ತಲೆಮರೆಸಿಕೊಳ್ಳುತ್ತದೆ. ಅಲ್ಲಿ ಒಂದು ಹೋಗಿ ನೂರಾಗುತ್ತದೆ. ಆ ನೂರೂ ಮತ್ತೆ ಮೀನು ಹುಡುಕಿಕೊಂಡು ಹೊರಡುತ್ತವೆ.

ಮೀನು ಸಿಗದಿದ್ದರೆ?

ಸಾಯುತ್ತವೆ. ಅದೊಂದೇ ದಾರಿ.

“ಎಲ್ಲಾ ಮೀನೂ ಹಿಡಿದು ಬೇರೆ ಟಬ್ಬಿಗೆ ಹಾಕಿ, ತಾಮ್ರದ ಔಷಧಿ ಕೊಡ್ತೀನಿ ಸಾರ್. ಈ ತೊಟ್ಟೀಲಿ ಎರಡು ತಿಂಗಳು ಪೂರ್ತಿ ಒಂದೇ ಒಂದು ಮೀನೂ ಇರಬಾರದು.”

“ಔಷಧೀನ ಇಲ್ಲಿಗೇ ಹಾಕ್ಬುಡಿ ಮಾರಾಯ್ರೇ! ಒಂದು ಗಿಡಕ್ಕೆ ರೋಗ ಬಂದ್ರೆ ನಾವು ಇಡೀ ಬ್ಲಾಕಿಗೆ ಹೊಡ್ಯಲ್ವಾ?”

“ತಾಮ್ರ ಬಿದ್ದರೆ ಸೀಗಡಿ ಸಾಯುತ್ತೆ, ಕಡಲಹೂವೂ ಸಾಯುತ್ತೆ.”

“ಖಾಲಿ ತೊಟ್ಟಿಗೆ ಲೈಟು ಹಾಕ್ಕೊಂಡು ಕೂತ್ರೆ ಗೆಸ್ಟ್‌ಗಳು ಏನಂತಾರ್ರೀ?”

“ಸಮುದ್ರ ರಿಪೇರಿಯಲ್ಲಿದೆ ಅನ್ನಿ.”

ಮೀನು ಹಿಡಿದೆ. ಎಲ್ಲಾ ಸಿಕ್ಕವು, ಒಂದನ್ನು ಬಿಟ್ಟು. ಬೆರಳುದ್ದದ ನೀಲಿ ಮೀನು. ಶಾಂತಮಲ್ಲಪ್ಪನವರ ಹೆಂಡತಿ ಪಂಕಜಾಕ್ಷಿಯವರು ಅಡಿಗೆಮನೆ ಬಾಗಿಲಲ್ಲಿ ನಿಂತು ಹೇಳಿದರು: “ಅದು ನಿನ್ನೇನೇ ಹೋಗ್ಬುಡ್ತು ಕಣ್ರೀ. ಗುಲಾಬಿ ಬುಡದಲ್ಲಿ ಹೂತಾಕ್ದೆ.”

ಹಣೆ ತುಂಬ ವಿಭೂತಿ ಇಟ್ಟ ಹೆಂಗಸಿನ ಮಾತಿಗೆ ಯಾರು ಅಡ್ಡ ಪ್ರಶ್ನೆ ಕೇಳುತ್ತಾರೆ? ನಾನೂ ಕೇಳಲಿಲ್ಲ.

ಟಬ್ಬಿನಲ್ಲಿ ಮೀನುಗಳು ಗುಣವಾದವು. ಅವಧಿ ಮುಗಿಯಿತು. ತೊಟ್ಟಿಗೆ ವಾಪಸ್ ಬಿಟ್ಟೆ. ಶಾಂತಮಲ್ಲಪ್ಪನವರು ಸಿಹಿ ಹಂಚಿದರು.

ಸಿಹಿ ತಿಂದ ಬಾಯಿ ಆರುವ ಮೊದಲೇ ಬಿಳಿ ಚುಕ್ಕೆ ಮತ್ತೆ ಎದ್ದಿತು!

ಮೀನುಗಳನ್ನು ಮತ್ತೆ ಟಬ್ಬಿಗೆ ಹಾಕಿದೆ. ಅಷ್ಟರಲ್ಲಿ ಮನೆಯಲ್ಲಿ ಒಂದು ಮಾತು ಹುಟ್ಟಿತ್ತು. ಯಾರೋ ಏನೋ ಹಾಕಿದ್ದಾರೆ. ಬೇಕೆಂದೇ ಹಾಕಿದ್ದಾರೆ.

ಆ ಮಾತು ಹುಟ್ಟಿಸಿದವನು ಸುರೇಂದ್ರ. ಪಂಕಜಾಕ್ಷಿಯವರ ತಮ್ಮ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್‌ಗೂ ಮೇಲೆ, ಭಾವನಿಗೆ ಸ್ವಲ್ಪ ಕೆಳಗೆ. ಕುತ್ತಿಗೆ ಇಲ್ಲದ ಮನುಷ್ಯ. ತಲೆ ನೇರವಾಗಿ ಭುಜದ ಮೇಲೆ ಕೂತಿತ್ತು.

“ಗಿಡ್ಡಯ್ಯಂದೇ ಕೆಲ್ಸ. ಮೈಲುತುತ್ತ ಹಾಕವ್ನೆ. ಅವನ ಮನೇಲಿ ಬಕೆಟ್ ಸಿಕ್ಕೈತೆ. ಒಳಗೆಲ್ಲ ನೀಲಿ!”

ಮುಂಗಾರಿಗೆ ಮೊದಲು ಕಾಫಿ ಗಿಡಕ್ಕೆ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ದ್ರಾವಣ ಹೊಡೆಯುವ ಕಾಲ ಅದು. ಇಡೀ ಎಸ್ಟೇಟಿನಲ್ಲಿ ನೀಲಿಯಾಗದ ಬಕೆಟ್ ಯಾವುದಿತ್ತು? ಸುರೇಂದ್ರನ ಷರ್ಟಿನ ತೋಳೂ ನೀಲಿಯಾಗಿತ್ತು.

“ಯಾಕೆ ಹಾಕ್ತಾನೆ?” ಎಂದೆ.

“ದ್ವೇಷ! ಲೈನ್ ಖಾಲಿ ಮಾಡು ಅಂದಿದ್ದೆ.”

“ಯಾಕೆ ಖಾಲಿ ಮಾಡಬೇಕು?”

ಅವನ ಮುಖದಲ್ಲಿ ಮೊದಲ ಸಲ ಬೆಳಕು ಬಂತು. “ಹೆರಿಟೇಜ್ ಲೈನ್ ಸ್ಟೇ! ಹಳೇ ಕೂಲಿ ಲೈನ್ ಒಡೆದು, ಹಳೇ ಕೂಲಿ ಲೈನ್ ಥರಾನೇ ಕಾಣಂಗೆ ಹೊಸ ಕಾಟೇಜ್ ಕಟ್ಟೋದು. ಎ.ಸಿ. ಇರ್ತದೆ.”

ಕೇಸು ಅರ್ಧ ಅಲ್ಲೇ ಬಗೆಹರಿಯಿತು. ಆದರೆ ಉಳಿದರ್ಧಕ್ಕೆ ಪುರಾವೆ ಬೇಕಲ್ಲ!

ಗಿಡ್ಡಯ್ಯನನ್ನು ನೋಡಲು ಲೈನ್‌ಗೆ ಹೋದೆ. ಅವನು ಬಾಗಿಲಲ್ಲಿ ಕೂತು ಬೀಡಿ ಸೇದುತ್ತಿದ್ದ. ಲಿಂಗಮ್ಮ ಒಳಗಿನಿಂದಲೇ ಜೋರು ಮಾಡಿದಳು.

“ಇವ್ನು ಮೀನಿಗೆ ವಿಷ ಹಾಕ್ತಾನಾ ಡಾಕ್ಟ್ರೇ? ಇವ್ನಿಗೆ ಇಲಿಗೆ ವಿಷ ಹಾಕಕ್ಕೂ ಬರಕಿಲ್ಲ! ಮೊನ್ನೆ ಇಲಿ ಪಾಷಾಣ ಇಟ್ಟ. ಇಲಿ ದಪ್ಪ ಆಗ್ಬುಡ್ತು!”

“ಏ, ಸುಮ್ಕಿರೇ,” ಎಂದ ಗಿಡ್ಡಯ್ಯ. ಆಮೇಲೆ ನನ್ನ ಕಡೆ ತಿರುಗಿದ. “ನಮ್ಮಪ್ಪ ಇದೇ ಮನೇಲಿ ಸತ್ತ. ನಾನೂ ಇಲ್ಲೇ ಸಾಯಣ ಅಂತಿದ್ದೆ. ಅದಕ್ಕೂ ಬುಡಕಿಲ್ಲ ಅಂತವ್ರೆ.”

ಇಬ್ಬರೂ ಸ್ವಲ್ಪ ಹೊತ್ತು ಬೀಡಿಯ ಹೊಗೆ ನೋಡಿದೆವು.

ಬಂಗಲೆಗೆ ವಾಪಸ್ ಬಂದು ತೊಟ್ಟಿಯ ಮುಂದೆ ಕೂತೆ. ಯೋಚಿಸಿದೆ.

ಮೈಲುತುತ್ತ ಅಂದರೆ ತಾಮ್ರ. ಗಿಡ್ಡಯ್ಯ ಅದನ್ನು ಸುರಿದಿದ್ದರೆ ಮೊದಲು ಸಾಯಬೇಕಾದದ್ದು ಸೀಗಡಿ. ಸೀಗಡಿ ಮೀಸೆ ತಿರುವುತ್ತಾ ನಿಂತಿತ್ತು. ಕಡಲಹೂವು ಅಂಗೈಯಷ್ಟು ಅರಳಿತ್ತು. ಬದಲಿಗೆ ತಾಮ್ರಕ್ಕೆ ಹೆದರಬೇಕಾದ ಹುಳ ಮಾತ್ರ ಆರಾಮಾಗಿ ಬದುಕಿತ್ತು!

ತೊಟ್ಟಿಗೆ ವಿಷ ಬಿದ್ದಿಲ್ಲ.

ಹಾಗಾದರೆ ಹುಳ ಅಷ್ಟು ದಿನ ಏನು ತಿಂದು ಬದುಕಿತು? ಮೀನಿಲ್ಲದೆ ಅದು ಬದುಕುವುದಿಲ್ಲ. ಅದು ಬದುಕಿದೆ. ಅಂದರೆ...

ಖಾಲಿ ತೊಟ್ಟಿಯಲ್ಲಿ ಮೀನಿದೆ!

ನಾನು ಗಾಜಿಗೆ ಮೂಗು ತಾಗಿಸಿದೆ.

ಆಗ ಸೀಗಡಿಯನ್ನು ಸರಿಯಾಗಿ ನೋಡಿದೆ. ಅದರ ಕಸುಬು ಮೀನುಗಳ ಮೈ ಮೇಲಿನ ಹುಳ ಹೆಕ್ಕಿ ತಿನ್ನುವುದು. ಅದು ಮೂಲೆಯ ಕಲ್ಲಿನ ಒಂದು ತೂತಿನ ಎದುರೇ ನಿಂತಿತ್ತು. ಕಾಲು ಆಡಿಸುತ್ತಾ ಯಾರನ್ನೋ ಕಾಯುತ್ತಿತ್ತು.

ಗಿರಾಕಿಯೇ ಇಲ್ಲದ ಊರಿನಲ್ಲಿ ಯಾರು ಅಂಗಡಿ ತೆರೆದಿಡುತ್ತಾರೆ?

ಮರುದಿನ ಬೆಳಿಗ್ಗೆಯೇ ಹೋದೆ. ಶಾಂತಮಲ್ಲಪ್ಪನವರು ಸಕಲೇಶಪುರದಲ್ಲಿ ಬೆಳೆಗಾರರ ಸಭೆಗೆ ಹೊರಟಿದ್ದರು. ಜೀಪಿನಲ್ಲಿ ಅವರನ್ನು ಬಿಟ್ಟು ಬರಲು ಸುರೇಂದ್ರ ಹೋದ. ಹೊರಡುವಾಗ ಶಾಂತಮಲ್ಲಪ್ಪನವರು ಮೆಟ್ಟಿಲ ಮೇಲಿಂದಲೇ ಆರ್ಡರ್ ಕೊಟ್ಟರು.

“ಊಟ ಆದ್ಮೇಲೆ ಲೈನ್ ಕೆಡವ್ಸು. ಗಿಡ್ಡಯ್ಯ ಸಾಮಾನು ಹೊರಗಿಡ್ಲಿ.”

ನಾನು ಹಾಲ್‌ನಲ್ಲಿ ದೊಡ್ಡ ಪರದೆಯ ಹಿಂದೆ ನಿಂತೆ. ಕೈಯಲ್ಲಿ ಫೋನು, ಕ್ಯಾಮೆರಾ ಆನ್.

ಪೂಜೆಯ ಗಂಟೆ ಕೇಳಿಸಿತು. ಆಮೇಲೆ ಹೆಜ್ಜೆ ಸದ್ದು.

ಪಂಕಜಾಕ್ಷಿಯವರು ಬಂದರು. ಕೈಯಲ್ಲಿ ಪುಟ್ಟ ತಟ್ಟೆ. ಆಚೆ ಈಚೆ ನೋಡಿದರು. ಮೂಲೆಯ ಕಲ್ಲಿನ ಮೇಲೆ, ನೀರಿಗೆ, ಏನೋ ಉದುರಿಸಿದರು. ಅನ್ನದ ಅಗುಳು. ಎಡೆ ಇಟ್ಟ ಅನ್ನ!

ತೂತಿನಿಂದ ಹೊರಗೆ ಬಂದಿತು... ನೀಲಿ ಮೈ, ಹಳದಿ ಬಾಲ. ಗುಲಾಬಿ ಬುಡದಲ್ಲಿ ಹೂತುಹೋದ ಮೀನು!

“ಬಾರೋ ಮರಿ, ಉಣ್ಣು,” ಎಂದರು ಅವರು.

ನಾನು ಪರದೆ ಸರಿಸಿದೆ.

ತಟ್ಟೆ ಕೆಳಗೆ ಬಿತ್ತು. ಉರುಳುತ್ತಾ ಹೋಗಿ ಸೋಫಾಕ್ಕೆ ತಾಗಿ ನಿಂತಿತು. ಅಲ್ಲಿಯವರೆಗೂ ಇಬ್ಬರೂ ಆ ತಟ್ಟೆಯನ್ನೇ ನೋಡಿದೆವು.

“ಯಾಕಮ್ಮಾ?” ಎಂದೆ.

“ಅಲ್ರೀ... ಪೂರ್ತಿ ಖಾಲಿ ಮಾಡ್ಬುಡೋದಾ?” ಅವರ ದನಿಯಲ್ಲಿ ತಪ್ಪಿತಸ್ಥರ ಅಳುಕಿರಲಿಲ್ಲ. ತಿಳಿಯದವನಿಗೆ ತಿಳಿಸಿ ಹೇಳುವ ತಾಳ್ಮೆಯಿತ್ತು. “ಅಕ್ಕಿ ಡಬ್ಬ ತಳ ಬಳಿದು ಗುಡಿಸ್ತಾರೇನ್ರೀ? ಒಂದು ಹಿಡಿ ಬುಡ್ತಾರೆ. ಪಕ್ಕದ ಮನೆ ಪಾತ್ರೆ ವಾಪಸ್ ಕೊಡ್ಬೇಕಾದ್ರೂ ಒಂದು ಚಿಟಿಕೆ ಸಕ್ರೆ ಹಾಕಿ ಕೊಡ್ತೀವಿ. ಇಷ್ಟು ದೊಡ್ಡ ತೊಟ್ಟಿ, ನಡುಮನೇಲಿ, ಬರಿದಾಗಿ ಇಟ್ರೆ ಮನೆಗೆ ಒಳ್ಳೇದಾಗ್ತದಾ? ಅದಕ್ಕೇ ಒಂದೇ ಒಂದು ಉಳಿಸ್ಕೊಂಡೆ.”

ಒಂದು ಹಿಡಿ ಅಕ್ಕಿ! ನಾನು ತಾಮ್ರದ ಔಷಧಿಯನ್ನು ಹನಿ ಲೆಕ್ಕದಲ್ಲಿ ಹಾಕಿದ್ದೆ. ನೀರನ್ನು ದಿನದಿನ ಪರೀಕ್ಷಿಸಿದ್ದೆ. ಅಕ್ಕಿ ಡಬ್ಬದ ಬಗ್ಗೆ ನನ್ನ ಪ್ರಬಂಧದಲ್ಲಿ ಒಂದು ಸಾಲೂ ಇರಲಿಲ್ಲ.

“ಖಾಲಿ ಎಲ್ಲಿತ್ತಮ್ಮಾ? ಸೀಗಡಿ ಇತ್ತಲ್ಲ!”

“ಸೀಗಡೀನ ಯಾರಾದ್ರೂ ಲೆಕ್ಕಕ್ಕೆ ಹಿಡೀತಾರೇನ್ರೀ?”

ನಾನು ಬಲೆ ಹಾಕಿದೆ. ಅನ್ನದ ಆಸೆಗೆ ಬಂದ ಮೀನು ಸುಲಭವಾಗಿ ಸಿಕ್ಕಿತು. ಥರ್ಮೊಕೋಲ್ ಪೆಟ್ಟಿಗೆಗೆ ಬಿಟ್ಟು ತೋರಿಸಿದೆ. ರೆಕ್ಕೆಯ ಮೇಲೆ, ಬಾಲದ ಮೇಲೆ, ಬಿಳಿ ಚುಕ್ಕೆ.

“ಹುಳ ಇದರ ಮೈಮೇಲೆ ಬದುಕಿಕೊಂಡಿತ್ತು. ಉಳಿದ ಮೀನು ವಾಪಸ್ ಬಂದ ತಕ್ಷಣ ಅವಕ್ಕೆ ಹತ್ತಿತು. ಇದಕ್ಕಾಗಿ ಈವತ್ತು ಗಿಡ್ಡಯ್ಯನ ಮನೆ ಬೀಳ್ತಾ ಇದೆ.”

ಕಿಟಕಿಯ ಆಚೆ ಜೆಸಿಬಿಯ ಹಳದಿ ತೋಳು ಕಾಣುತ್ತಿತ್ತು. ಪಂಕಜಾಕ್ಷಿಯವರು ಅದನ್ನು ನೋಡಿದರು. ಪೆಟ್ಟಿಗೆ ನೋಡಿದರು. ಆಮೇಲೆ ಫೋನೆತ್ತಿ ಗಂಡನಿಗೆ ಮಾಡಿದರು. ರಿಂಗ್ ಆಯಿತು. ಆಗುತ್ತಲೇ ಇತ್ತು.

“ಅವ್ರು ಹೇಳ್ದೆ ಜೆಸಿಬಿ ನಿಲ್ಲಲ್ಲ. ಸ್ಟೇಜ್ ಹತ್ತಿದ್ರೆ ಫೋನ್ ಎತ್ತಲ್ಲ ಅವ್ರು,” ಎಂದರು.

“ಎತ್ತದಿದ್ರೇನೇ ಒಳ್ಳೇದು ಬುಡಕ್ಕ!”

ಸುರೇಂದ್ರ! ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

ನಿಧಾನವಾಗಿ ಬಂದ. ನನ್ನ ಕೈಯಿಂದ ಫೋನು ಕಿತ್ತುಕೊಂಡ. ಎರಡು ಬೆರಳಲ್ಲಿ ಹಿಡಿದು ತೊಟ್ಟಿಯ ಮೇಲೆ ತೂಗಾಡಿಸಿದ. ಬಿಟ್ಟ.

ಬುಳಕ್!

ಉಪ್ಪುನೀರು. ಫೋನಿನ ಬೆಳಕು ಮರಳಿನ ಮೇಲೆ ಒಮ್ಮೆ ಮಿನುಗಿ ಆರಿತು. ಸೀಗಡಿ ಬಂದು ಮೀಸೆಯಿಂದ ಮುಟ್ಟಿ ನೋಡಿತು.

“ವಿಡಿಯೋ ಇದ್ರೂ ಪ್ರಯೋಜನ ಇರ್ಲಿಲ್ಲ ಬುಡು. ಎ.ಐ. ಅಂತಿದ್ದೆ,” ಎಂದ ಸುರೇಂದ್ರ. “ಈಗ ಆ ಪೆಟ್ಟಿಗೆ ಇತ್ತ ಕೊಡು. ನಮ್ಮಕ್ಕನ ಹೆಸರು ಈ ಮನೆಯಿಂದಾಚೆ ಹೋಗ್ಬಾರ್ದು.”

“ನಿಮಗೆ ಅಕ್ಕನ ಚಿಂತೆಯೋ, ಕಾಟೇಜ್ ಚಿಂತೆಯೋ?”

ಅವನು ಕೈ ಎತ್ತಿದ. ಪಂಕಜಾಕ್ಷಿಯವರು ನಡುವೆ ಬಂದರು.

“ಸುರೇಂದ್ರಾ! ಬುಡೋ!”

ಅಷ್ಟು ಸಾಕಾಯಿತು. ನಾನು ಪೆಟ್ಟಿಗೆ ಅವುಚಿಕೊಂಡು ಓಡಿದೆ.

ಆಮೇಲಿನದು ನಿಮಗೆ ಗೊತ್ತು. ಓಮ್ನಿ. ಟ್ಯಾಂಕರ್. ಅಜ್ಜಿ.

ದೋಣಿಗಲ್ ಹತ್ತಿರ ಪಂಪು ಒಮ್ಮೆ ಗೊರಕೆ ಹೊಡೆದು ನಿಂತೇ ಹೋಯಿತು.

ನಿಶ್ಶಬ್ದ. ನನಗೆ ನಿಶ್ಶಬ್ದ ಇಷ್ಟ. ಆದರೆ ಇದು ಇಷ್ಟವಾಗಲಿಲ್ಲ.

ಮುಚ್ಚಳ ತೆಗೆದೆ. ಮೀನು ವಾಲಿತ್ತು. ಕಿವಿರು ಪಟಪಟ ಬಡಿಯುತ್ತಿತ್ತು. ಪಂಪಿಗೆ ಯು.ಎಸ್.ಬಿ. ವೈರ್ ಇತ್ತು. ನನ್ನ ಓಮ್ನಿಯಲ್ಲಿ ಅದನ್ನು ಚುಚ್ಚಲು ತೂತಿರಲಿಲ್ಲ. ಮಿಕ್ಕ ಎಲ್ಲಾ ಕಡೆ ತೂತಿತ್ತು.

ಬ್ರೇಕ್ ಒತ್ತಿದೆ. ಪಕ್ಕಕ್ಕೆ ಹಾಕಿದೆ. ಜೀಪು ಅಡ್ಡ ಬಂದು ನಿಂತಿತು. ಸುರೇಂದ್ರ ಇಳಿದ. ಕೈಯಲ್ಲಿ ವೀಲ್ ಸ್ಪ್ಯಾನರ್.

“ಮೀನು ಕೊಡ್ಲಾ!”

“ತಗೊಳ್ಳಿ. ಸಾಯ್ತಾ ಇದೆ.”

“ಸಾಯ್ಲಿ! ಅದಕ್ಕೇ ಬಂದಿರೋದು!”

ಅವನ ಜೇಬು ರಿಂಗಾಯಿತು. ನೋಡಿದ. ಅಕ್ಕ. ಸ್ಪ್ಯಾನರ್ ಹಿಡಿದ ಕೈಯಲ್ಲೇ ಎತ್ತಲು ಹೋಗಿ ಸ್ಪೀಕರ್ ಒತ್ತಿಬಿಟ್ಟ.

“ಮೀನು ಎಂಗೈತೋ?”

“ಅಕ್ಕಾ, ಅದು... ವಸಿ...”

“ನನ್ನ ಕೈ ಅನ್ನ ತಿಂದಿರೋ ಜೀವ ಕಣೋ ಅದು. ಅದಕ್ಕೇನಾದ್ರೂ ಆದ್ರೆ ನೀನು ಈ ಮನೆ ಹೊಸಲು ತುಳೀಬ್ಯಾಡ!”

ಕಟ್.

ಲಾರಿಯೊಂದು ಹಾರ್ನ್ ಹೊಡೆದು ಹೋಯಿತು. ಸುರೇಂದ್ರ ಫೋನು ನೋಡಿದ. ಸ್ಪ್ಯಾನರ್ ನೋಡಿದ. ಮೀನು ನೋಡಿದ. ಅವನ ಮುಖದ ಮೇಲೆ ಕಾಟೇಜುಗಳು ಒಂದೊಂದಾಗಿ ಕುಸಿದವು.

“ಏನ್ಲಾ ಮಾಡ್ಬೇಕು, ಬೇಗ ಬೊಗುಳು!”

“ಜೀಪಲ್ಲಿ ಯು.ಎಸ್.ಬಿ. ಇದೆಯಾ?”

“ನಾಕವೆ!”

ಹೀಗೆ ನನ್ನನ್ನು ಬೆನ್ನಟ್ಟಿದ ಜೀಪನ್ನು ನಾನೇ ಓಡಿಸಿದೆ. ನನ್ನನ್ನು ಕಣಿವೆಗೆ ಉರುಳಿಸಲು ಬಂದವನು ಪಕ್ಕದಲ್ಲಿ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ಬಗ್ಗಿ ಕೂತಿದ್ದ.

“ಮೆತ್ಗೆ ಓಡ್ಸಲಾ, ಹಳ್ಳ ನೋಡ್ಕೊಂಡು! ಎದ್ಬುಡ್ತು... ಎದ್ಬುಡ್ತು ಕಣೋ! ಉಸಿರಾಡ್ತಾ ಐತೆ!”

ಹೇಮಾವತಿ ಸೇತುವೆ ಬರುವಷ್ಟರಲ್ಲಿ ಅವನು ಅದಕ್ಕೆ ಹೆಸರಿಟ್ಟಿದ್ದ. ನಾನು ಕೇಳಿಸಿಕೊಂಡಂತೆ ತೋರಿಸಿಕೊಳ್ಳಲಿಲ್ಲ.

ಸಭಾಭವನ ತುಂಬಿತ್ತು. ಹಿಂದುಗಡೆ ಪಲಾವ್ ಪರಿಮಳ. ಊಟಕ್ಕೆ ಮೊದಲಿನ ಕೊನೆಯ ಭಾಷಣ. ವೇದಿಕೆಯ ಮೇಲೆ ಶಾಂತಮಲ್ಲಪ್ಪನವರು ಕಾಫಿಯ ಬಿಳಿ ಕಾಂಡಕೊರಕ ಹುಳದ ಬಗ್ಗೆ ಗುಡುಗುತ್ತಿದ್ದರು.

“...ಅಯ್ಯೋ, ಅಪ್ಪ ನೆಟ್ಟ ಗಿಡ ಅಂತ ಒಂದೇ ಒಂದು ಉಳಿಸ್ಕೊಂಡ್ರಿ ಅಂತಿಟ್ಕಳಿ. ಹುಳ ಆ ಗಿಡದಲ್ಲಿ ಕೂತ್ಕೊಂಡು ನಿಮ್ಮ ಇಡೀ ತೋಟ ತಿಂತದೆ! ಬೇರು ಸಮೇತ ಕಿತ್ತು ಸುಡ್ರಿ! ಕರುಣೆ ತೋರಿಸ್ಬ್ಯಾಡಿ!”

ಚಪ್ಪಾಳೆ!

ನಾನು ನೇರವಾಗಿ ವೇದಿಕೆ ಹತ್ತಿದೆ. ಹಾರ, ನೀರಿನ ಬಾಟಲಿಗಳ ನಡುವೆ ಪೆಟ್ಟಿಗೆ ಇಟ್ಟೆ. ಮುಚ್ಚಳ ತೆಗೆದೆ.

“ನಿಮ್ಮ ಉಳಿದ ಗಿಡ ಸಾರ್,” ಎಂದೆ, ಅವರಿಗೆ ಮಾತ್ರ ಕೇಳುವ ಹಾಗೆ.

ಅವರು ಬಗ್ಗಿ ನೋಡಿದರು. ನೀಲಿ ಮೈ. ಹಳದಿ ಬಾಲ. ಬಿಳಿ ಚುಕ್ಕೆ.

“ಇದು... ಸತ್ತಿತ್ತಲ್ಲ?”

“ಇಲ್ಲ. ಅನ್ನ ತಿಂದುಕೊಂಡು ತೊಟ್ಟಿಯಲ್ಲೇ ಇತ್ತು.”

“ಅನ್ನ ಯಾರು...” ಎಂದವರು ಅಲ್ಲಿಗೇ ನಿಲ್ಲಿಸಿದರು. ಆ ಮನೆಯಲ್ಲಿ ಎಡೆಯ ಅನ್ನ ಯಾರ ಕೈಯಲ್ಲಿರುತ್ತದೆ ಎಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ. ಸುರೇಂದ್ರನ ಕಡೆ ನೋಡಿದರು. ಸುರೇಂದ್ರ ನೆಲ ನೋಡಿದ. ಮೈಕ್ ಆನ್ ಇತ್ತು. ಇಡೀ ಸಭೆ ಶಾಂತಮಲ್ಲಪ್ಪನವರ ಉಸಿರಾಟ ಕೇಳಿಸಿಕೊಂಡಿತು.

ಮೈಕಿಗೆ ಕೈ ಅಡ್ಡ ಹಿಡಿದು ಅವರು ಪಿಸುಗುಟ್ಟಿದರು. “ಅವಳ ಹೆಸರು ಎಲ್ಲೂ ಬರ್ಬಾರ್ದು.”

“ಗಿಡ್ಡಯ್ಯನ ಹೆಸರೂ ಬರಬಾರದು.”

ಅವರ ಮುಖ ಕೆಂಪಾಯಿತು. ಆಮೇಲೆ ಬಣ್ಣ ಇಳಿಯಿತು. ಫೋನು ತೆಗೆದರು. ಎಸ್ಟೇಟಿಗೆ ಮಾಡಿದರು.

“ಜೆಸಿಬಿ ನಿಲ್ಸು. ಹ್ಞೂಂ... ಗಿಡ್ಡಯ್ಯನ ಮನೆ ಮುಟ್ಬ್ಯಾಡಿ. ಯಾವತ್ತೂ ಮುಟ್ಬ್ಯಾಡಿ.”

ಗೆದ್ದೆ! ಇಂಥ ಕಸುಬಿನಲ್ಲಿ ಗೆಲುವು ಅಪರೂಪ. ನಾನು ಅದನ್ನು ಸವಿಯುತ್ತಿದ್ದೆ. ಶಾಂತಮಲ್ಲಪ್ಪನವರು ಭುಜ ಮುಟ್ಟಿದರು.

“ಈಗ ತೊಟ್ಟಿ ಕತೆ ಏನ್ರೀ?”

“ಮತ್ತೆ ಮೊದಲಿನಿಂದ. ಈ ಮೀನಿಗೂ ಟಬ್ಬಿನಲ್ಲಿ ಔಷಧಿ. ತೊಟ್ಟಿ ಎರಡು ತಿಂಗಳು ಪೂರ್ತಿ ಖಾಲಿ. ಈ ಸಲ ನಿಜವಾಗಿ ಖಾಲಿ.”

“ಅಷ್ಟು ದಿನ ಗೆಸ್ಟ್‌ಗಳು ಏನ್ ನೋಡ್ಬೇಕು? ಬುಕಿಂಗ್ ಎಲ್ಲಾ ಫುಲ್ ಐತೆ ಮಾರಾಯ್ರೇ!”

ಅದು ಮೀನು ಡಾಕ್ಟರರ ಕೆಲಸವಲ್ಲ. ಆದರೆ ಆಗ ಸುರೇಂದ್ರ ತಲೆ ಎತ್ತಿದ. ಅವನ ಮುಖದಲ್ಲಿ ಎರಡನೆಯ ಸಲ ಬೆಳಕು ಬಂತು.

ನಾನು ಹೆದರಬೇಕಿತ್ತು. ಪಲಾವ್ ಕಡೆಗೆ ಹೋದೆ.

ಮುಂಗಾರು ಹಿಡಿಯಿತು. ಮೀನುಗಳು ಗುಣವಾದವು, ನೀಲಿ ಮೀನೂ ಸೇರಿ. ಅದು ಸೀಗಡಿ ತಿನ್ನಲು ಮಾತ್ರ ಕೊನೆಗೂ ಒಪ್ಪಲಿಲ್ಲ. ತೊಟ್ಟಿಯ ಹುಳ ಹಸಿದು ಸತ್ತಿತು. ಪಂಕಜಾಕ್ಷಿಯವರು ಈ ಸಲ ಮಾತಿಗೆ ತಪ್ಪಲಿಲ್ಲ. ತೊಟ್ಟಿ ಬರಿದು ಕಾಣಬಾರದೆಂದು ಅದರ ಮುಂದೆ ಒಂದು ಚೊಂಬು ಅಕ್ಕಿ ಇಟ್ಟಿದ್ದರು, ಅಷ್ಟೆ.

ಮೀನುಗಳನ್ನು ತೊಟ್ಟಿಗೆ ವಾಪಸ್ ಬಿಡುವ ದಿನ ಹೋದೆ. ಅಂಗಳದ ತುಂಬ ಕಾರು. ಆದರೆ ಹಾಲ್‌ನಲ್ಲಿ ಒಬ್ಬನೂ ಇಲ್ಲ! ಮೀನು ಬಿಟ್ಟೆ. ನೋಡಲು ಯಾರೂ ಬರಲಿಲ್ಲ. ಸದ್ದೆಲ್ಲ ಲೈನ್ ಕಡೆಯಿಂದ ಬರುತ್ತಿತ್ತು. ಹೋದೆ.

ಗಿಡ್ಡಯ್ಯನ ಮನೆಯನ್ನು ಯಾರೂ ಒಡೆದಿರಲಿಲ್ಲ. ಶಾಂತಮಲ್ಲಪ್ಪನವರು ಕೊಟ್ಟ ಮಾತು ಉಳಿಸಿಕೊಂಡಿದ್ದರು. ಮುಂದಿನ ಗೋಡೆಯನ್ನು ಮಾತ್ರ ತೆಗೆಸಿದ್ದರು. ಅದರ ಜಾಗದಲ್ಲಿ ಗಾಜು. ಸೂರಿನಿಂದ ನೆಲದವರೆಗೆ ಒಂದೇ ಗಾಜು. ಮೇಲೆ ಹಿತವಾದ ಲೈಟು.

ಒಳಗೆ ಗಿಡ್ಡಯ್ಯ ಗೋಡೆಗೆ ಒರಗಿ ಬೀಡಿ ಸೇದುತ್ತಿದ್ದ. ಲಿಂಗಮ್ಮ ಮುದ್ದೆ ತೊಳಸುತ್ತಿದ್ದಳು. ಕೊಡೆ ಹಿಡಿದ ಗೆಸ್ಟ್‌ಗಳು ಹೊರಗೆ ಗುಂಪುಗುಂಪಾಗಿ ನಿಂತಿದ್ದರು. ಸುರೇಂದ್ರ ಗೈಡು.

“ಇದು ಒರಿಜಿನಲ್ ಲೈನ್ ಮನೆ ಸಾರ್. ಜನಾನೂ ಒರಿಜಿನಲ್. ಹನ್ನೊಂದು ಗಂಟೆಗೆ ಊಟ ಮಾಡ್ತಾರೆ, ಇರಿ, ನೋಡ್ಕೊಂಡೇ ಹೋಗಿ!”

ನನ್ನನ್ನು ಕಂಡು ಗಿಡ್ಡಯ್ಯ ಕೈ ಎತ್ತಿದ. ಏನೋ ಹೇಳಿದ. ಗಾಜು ದಪ್ಪ. ಬಾಯಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ.

ಟಕ್ ಟಕ್ ಟಕ್! ಯಾರೋ ಉಂಗುರದ ಬೆರಳಿನಿಂದ ಗಾಜಿಗೆ ಬಡಿದು ಅವನನ್ನು ಇತ್ತ ತಿರುಗಲು ಹೇಳಿದರು. ಫೋಟೋಗೆ.

ಲಿಂಗಮ್ಮ ಹಿಂಬಾಗಿಲಿನಿಂದ ಸುತ್ತಿಕೊಂಡು ಬಂದಳು. ಕೈಯಲ್ಲಿ ಮುದ್ದೆಯ ಕೋಲು ಹಾಗೇ ಇತ್ತು.

“ಮನೆ ಉಳಿಸ್ಕೊಟ್ರಿ ಡಾಕ್ಟ್ರೇ. ಇಲ್ಲ ಅನ್ನಕಿಲ್ಲ,” ಎಂದಳು. ಕೋಲಿನಿಂದ ಗಾಜಿನ ಕಡೆ ತೋರಿಸಿದಳು. “ನಿಮ್ಮ ಮೀನಿನ ತೊಟ್ಟಿ ಮ್ಯಾಲೆ ಒಂದು ಬೋರ್ಡ್ ಐತಲ್ಲ... ಅಂಥದ್ದು ನಮ್ಗೂ ಒಂದು ಬರ್ಕೊಡ್ತೀರಾ?”

ಬರೆಯಲು ಹೋಗಲಿಲ್ಲ. ತೊಟ್ಟಿಯ ಮೇಲಿದ್ದದ್ದನ್ನೇ ಕಿತ್ತು ತಂದುಕೊಟ್ಟೆ. ಮೀನುಗಳಿಗೆ ಈಗ ಅದರ ಅಗತ್ಯವಿರಲಿಲ್ಲ.